ಒಂದು ಎಚ್‌ಡಿಎಂಐ ಸತ್ತರೆ ಟಿವಿಯೇ ಸತ್ತಂತಲ್ಲ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮನೆಯಲ್ಲಿ 32 ಇಂಚಿನ ಎಲ್‌ಇಡಿ ಟಿವಿ ಇದೆ. ಸ್ಮಾರ್ಟ್ ಅಲ್ಲ. ತಗೊಂಡು ಏಳೆಂಟು ವರ್ಷ ಆಗಿರಬಹುದು. ಹಿಂದೆ ಎರಡು ಎಚ್‌ಡಿಎಂಐ ಪೋರ್ಟ್ (ಚಿತ್ರ, ಧ್ವನಿ ಎರಡೂ ಒಂದೇ ಕೇಬಲ್ಲಿನಲ್ಲಿ ಬರುವ ಸಾಕೆಟ್). ಈ ಸಲದ ಮೊದಲ ಮಳೆಯ ಸಿಡಿಲಿಗೆ ಒಂದು ಸತ್ತಿದೆ, ಇನ್ನೊಂದರಲ್ಲಿ ಡಿಶ್ ಬಾಕ್ಸ್ ಇದೆ. ಮಗಳ ಲ್ಯಾಪ್‌ಟಾಪ್, ನನ್ನ ಮೊಬೈಲ್, ಯಕ್ಷಗಾನದ ಡಿಸ್ಕ್ ಹಾಕುವ ಹಳೇ ಡಿವಿಡಿ ಪ್ಲೇಯರ್, ಜೊತೆಗೆ ಒಂದು ಹೋಮ್ ಥಿಯೇಟರ್ ಇಷ್ಟನ್ನೂ ಜೋಡಿಸಬೇಕು. ಅಂಗಡಿಯವರು ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ಎಚ್‌ಡಿಎಂಐ ಇರುವ ಕೇಬಲ್ ಕೊಟ್ಟರು. ಹಾಕಿದರೆ ಏನೂ ಬರುವುದಿಲ್ಲ. ಟಿವಿ ಬದಲಾಯಿಸಲೇಬೇಕಾ?

ಉತ್ತರ: ಬೇಡ. ನೀವು ಬರೆದ ನಾಲ್ಕು ಸಾಮಾನುಗಳಲ್ಲಿ ಎಚ್‌ಡಿಎಂಐ ನಿಜವಾಗಿ ಬೇಕಾಗಿರುವುದು ಒಂದಕ್ಕೋ ಎರಡಕ್ಕೋ ಅಷ್ಟೇ. ಡಿವಿಡಿ ಪ್ಲೇಯರಿಗೆ ಬೇಡ. ಹೋಮ್ ಥಿಯೇಟರಿಗಂತೂ ಬಹುಮಟ್ಟಿಗೆ ಬೇಡ. ಉಳಿದವಕ್ಕೆ ಕೆಲವು ನೂರು ರೂಪಾಯಿಯ ಒಂದು ಚಿಕ್ಕ ಡಬ್ಬಿ ಸಾಕು. ಆದರೆ ಅಂಗಡಿಗೆ ಹೋಗುವ ಮೊದಲು ಒಂದು ವಿಷಯ ಗೊತ್ತಿರಲಿ. ತುದಿ ಒಳಗೆ ಹೋಯಿತು ಅಂದ ಮಾತ್ರಕ್ಕೆ ಚಿತ್ರ ಹೋಗುವುದಿಲ್ಲ. ಆ ಕಡೆಯಿಂದ ಯಾವ ಬಗೆಯ ಸಿಗ್ನಲ್ ಹೊರಡುತ್ತದೆ, ಈ ಕಡೆ ಟಿವಿ ಯಾವುದನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎನ್ನುವುದೇ ಮುಖ್ಯ. ನಿಮ್ಮ ಕೇಬಲ್ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ.

ಟಿವಿಯ ಯುಎಸ್‌ಬಿ ಪೋರ್ಟ್ ಇರುವುದು ಪೆನ್‌ಡ್ರೈವ್ ಓದುವುದಕ್ಕೆ. ಅದು ಫೈಲು ಓದುತ್ತದೆಯೇ ಹೊರತು ಲ್ಯಾಪ್‌ಟಾಪಿನ ಪರದೆಯನ್ನು ಒಳಗೆ ತಗೊಳ್ಳುವುದಿಲ್ಲ. ಲ್ಯಾಪ್‌ಟಾಪಿನ ಎಚ್‌ಡಿಎಂಐನಿಂದ ಬರುವುದು ಸಿದ್ಧ ಚಿತ್ರ. ಎರಡರ ಮಧ್ಯೆ ಸುಮ್ನೆ ತಂತಿ ಎಳೆದರೆ ಮಾತುಕತೆಯೇ ನಡೆಯುವುದಿಲ್ಲ. ಹಾಗಾದರೆ ಇಂಥ ಕೇಬಲ್ ಯಾಕೆ ಮಾರುತ್ತಾರೆ? ನೋಡಲು ಚೆನ್ನಾಗಿದೆ, ಕಡಿಮೆ ಬೆಲೆ, ಜನ ಕೇಳುತ್ತಾರೆ, ಅದಕ್ಕೆ. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಎಚ್‌ಡಿಎಂಐ ತೆಗೆಯುವ ಅಡಾಪ್ಟರ್‌ಗಳು ಇವೆ, ನಿಜ. ಅವುಗಳ ಒಳಗೆ ಚಿತ್ರವನ್ನು ಪರಿವರ್ತಿಸುವ ಚಿಪ್ ಇರುತ್ತದೆ, ಲ್ಯಾಪ್‌ಟಾಪಿಗೆ ಡ್ರೈವರ್ ಸಾಫ್ಟ್‌ವೇರ್ ಹಾಕಬೇಕು, ಬೆಲೆಯೂ ಜಾಸ್ತಿ. ಅಲ್ಲೂ ಕೊನೆಗೆ ಟಿವಿಯಲ್ಲಿ ಒಂದು ಎಚ್‌ಡಿಎಂಐ ಬೇಕೇ ಬೇಕು. ಹಾಗಾಗಿ ಆ ಕೇಬಲ್ ವಾಪಸ್ ತಗೊಂಡರೆ ಕೊಟ್ಟುಬಿಡಿ.

ಈಗ ಆ ಪೋರ್ಟ್ ನಿಜವಾಗಿಯೂ ಸತ್ತಿದೆಯಾ ಎಂದು ಒಮ್ಮೆ ಖಾತ್ರಿ ಮಾಡಿಕೊಳ್ಳೋಣ. ಸಿಡಿಲಾದ ಮೇಲೆ ಸುಮ್ಮನಾಗುವ ಪೋರ್ಟುಗಳಲ್ಲಿ ಕೆಲವು ಬರೀ ಮಂಕಾಗಿರುತ್ತವೆ. ಟಿವಿ, ಬಾಕ್ಸ್ ಎರಡರದ್ದೂ ಪ್ಲಗ್ ಕಿತ್ತುಬಿಡಿ. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಗೋಡೆಯಿಂದಲೇ ಕೀಳಬೇಕು. ಹಿಂದಿನ ಎಲ್ಲ ಕೇಬಲ್ ತೆಗೆಯಿರಿ. ಟಿವಿಯ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಬಿಟ್ಟು, ಈಗ ಚೆನ್ನಾಗಿ ಓಡುತ್ತಿರುವ ಡಿಶ್ ಬಾಕ್ಸನ್ನು, ಅದೇ ಕೇಬಲ್ಲಿನಲ್ಲಿ, ಸತ್ತ ಪೋರ್ಟಿಗೆ ಹಾಕಿ ನೋಡಿ. ಗೊತ್ತಿರುವ ಬಾಕ್ಸ್, ಗೊತ್ತಿರುವ ಕೇಬಲ್ ಆದರೆ ಅನುಮಾನಕ್ಕೆ ಉಳಿಯುವುದು ಪೋರ್ಟ್ ಒಂದೇ. ಟಿವಿಯಲ್ಲಿ ಸೋರ್ಸ್ ಬಟನ್ ಒತ್ತಿ ಸರಿಯಾದ ಸಂಖ್ಯೆ ಆರಿಸಿದ್ದೀರಾ ಅಂತಲೂ ನೋಡಿ. ನಗಬೇಡಿ, ಪೋರ್ಟ್ ಹೋಯಿತು ಅಂತ ಬರುವ ಟಿವಿಗಳಲ್ಲಿ ಸೋರ್ಸ್ ತಪ್ಪಾಗಿ ಆರಿಸಿದ್ದವು ಎಷ್ಟೋ ಇರುತ್ತವೆ. ಜೊತೆಗೆ ಟಾರ್ಚ್ ಹಿಡಿದು ಪೋರ್ಟಿನ ಒಳಗೆ ನೋಡಿ. ಎಚ್‌ಡಿಎಂಐಗೆ 19 ಪಿನ್. ಒಂದು ಬಗ್ಗಿದ್ದರೂ, ಕಪ್ಪು ತಿರುಗಿದ್ದರೂ ಕಾಣಿಸುತ್ತದೆ.

ಇಷ್ಟಾದರೂ 'ನೋ ಸಿಗ್ನಲ್' ಅಂತಲೇ ಬಂದರೆ ಪೋರ್ಟ್ ಹೋಗಿದೆ ಅಂದುಕೊಳ್ಳಿ. ರಿಪೇರಿ ಮಾತು ಆಮೇಲೆ ಬರುತ್ತದೆ. ಮೊದಲು ಟಿವಿಯನ್ನು ಸ್ವಲ್ಪ ತಿರುಗಿಸಿ ಬೆನ್ನು ನೋಡಿ.

ಆ ಕಾಲದ 32 ಇಂಚಿನ ಟಿವಿಗಳ ಬೆನ್ನಲ್ಲಿ ಬಹಳಷ್ಟು ಬಾಗಿಲುಗಳಿರುತ್ತವೆ, ನಾವು ತೆರೆದೇ ಇರುವುದಿಲ್ಲ. ಹಳದಿ, ಬಿಳಿ, ಕೆಂಪು ಬಣ್ಣದ ದುಂಡು ಸಾಕೆಟ್‌ಗಳು, ಅಂದರೆ ಎಲ್ಲರೂ ಎವಿ ಅನ್ನುವುದು. ಪಕ್ಕದಲ್ಲಿ ಹಸಿರು, ನೀಲಿ, ಕೆಂಪು ಇದ್ದರೆ ಅದು ಕಾಂಪೊನೆಂಟ್. ಮೂರು ಸಾಲಿನಲ್ಲಿ 15 ತೂತುಗಳಿರುವ, ಎರಡು ಬದಿ ಸ್ಕ್ರೂ ಇರುವ ಅಗಲ ಸಾಕೆಟ್ ವಿಜಿಎ. ಕಂಪ್ಯೂಟರ್ ಮಾನಿಟರಿನದು, 1987ರಿಂದ ಇರುವ ಮುದುಕ, ಆದರೆ ಇನ್ನೂ ಗಟ್ಟಿ. ಇಯರ್‌ಫೋನ್ ಹಾಕುವಂಥ ಪುಟ್ಟ ತೂತು ಒಂದೋ ಎರಡೋ ಇರಬಹುದು. ಚೌಕಾಕಾರದ, ಮುಚ್ಚಳ ಇರುವ ಒಂದು ತೂತಿನಲ್ಲಿ ಕೆಂಪು ಬೆಳಕು ಕಂಡರೆ ಅದು ಆಪ್ಟಿಕಲ್, ಧ್ವನಿ ಹೊರಗೆ ಹೋಗುವ ದಾರಿ. ಕೊನೆಗೆ ಆಂಟೆನಾ ಸಾಕೆಟ್. ನಿಮ್ಮದರಲ್ಲಿ ಇವುಗಳಲ್ಲಿ ಯಾವುದು ಇದೆ ಅಂತ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಬಾಯಲ್ಲಿ ವಿವರಿಸುವುದಕ್ಕಿಂತ ಆ ಫೋಟೊ ತೋರಿಸುವುದು ಸುಲಭ.

ಡಿವಿಡಿ ಪ್ಲೇಯರಿನಿಂದ ಶುರು ಮಾಡೋಣ, ಅದು ಸುಲಭ. ನಮ್ಮಲ್ಲಿ ಬರುವ, ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯ ಚಿತ್ರ 720 ಅಡ್ಡ, 576 ಉದ್ದದ ಚುಕ್ಕಿಗಳದು. ಹಳೆಯ ಯಕ್ಷಗಾನ ಡಿಸ್ಕ್‌ಗಳಲ್ಲಿ ಎಷ್ಟೋ ವಿಸಿಡಿಗಳು. ಅವು ಇನ್ನೂ ಕಡಿಮೆ, 352 ಅಡ್ಡ, 288 ಉದ್ದ. ಡಿಸ್ಕಿನಲ್ಲೇ ಇಲ್ಲದ ಸ್ಪಷ್ಟತೆಯನ್ನು ಎಚ್‌ಡಿಎಂಐ ತಂದುಕೊಡಲಾರದು. ಹಳದಿ–ಬಿಳಿ–ಕೆಂಪು ಎವಿ ಕೇಬಲ್ ಸಾಕು. ಒಂದು ಕೊರತೆ ಮಾತ್ರ ಇದೆ. ಹಳದಿ ತಂತಿಯಲ್ಲಿ ಬೆಳಕು, ಬಣ್ಣ ಎರಡೂ ಒಟ್ಟಿಗೆ ಬೆರೆತು ಬರುತ್ತವೆ. ಟಿವಿ ಅದನ್ನು ಬಿಡಿಸಿಕೊಳ್ಳುವಾಗ ಗಾಢ ಬಣ್ಣದ ಅಂಚು ಸ್ವಲ್ಪ ಹರಡುತ್ತದೆ. ವೇಷದ ಕೆಂಪು ಬಟ್ಟೆಯ ಅಂಚಿನಲ್ಲಿ, ಕಿರೀಟದ ಹೊಳೆಯುವ ಚೂರುಗಳ ಸುತ್ತ ಸಣ್ಣ ಚುಕ್ಕಿಗಳು ತೆವಳಿದಂತೆ ಕಾಣುತ್ತದಲ್ಲ, ಅದೇ ಇದು. ಪ್ಲೇಯರ್, ಟಿವಿ ಎರಡರಲ್ಲೂ ಹಸಿರು–ನೀಲಿ–ಕೆಂಪು ಇದ್ದರೆ ಆ ಮೂರನ್ನು ಚಿತ್ರಕ್ಕೂ, ಬಿಳಿ–ಕೆಂಪನ್ನು ಧ್ವನಿಗೂ ಹಾಕಿ. ಬೆಳಕು ಬೇರೆ, ಬಣ್ಣ ಬೇರೆ ತಂತಿಯಲ್ಲಿ ಬರುವುದರಿಂದ ಅಂಚು ನೀಟಾಗುತ್ತದೆ. ಪ್ಲೇಯರಿನ ಸೆಟಪ್ಪಿನಲ್ಲಿ ವಿಡಿಯೊ ಔಟ್ ಅನ್ನುವಲ್ಲಿ ಕಾಂಪೊನೆಂಟ್ ಆರಿಸಬೇಕಾಗಬಹುದು. ಅದನ್ನು ಆರಿಸುವುದಕ್ಕೆ ಮೊದಲು ಹಳದಿ ತಂತಿಯೂ ಹಾಕಿರಲಿ, ಇಲ್ಲದಿದ್ದರೆ ಮೆನುವೇ ಕಾಣುವುದಿಲ್ಲ!

ಇಲ್ಲಿ ತುಂಬಾ ಜನ ಸಿಕ್ಕಿಬೀಳುವ ಒಂದು ಜಾಗ ಇದೆ. ಕೆಲವು ಟಿವಿಗಳ ಬೆನ್ನಲ್ಲಿ ಹಳದಿ ಸಾಕೆಟ್ಟೇ ಇರುವುದಿಲ್ಲ. ಹಸಿರು, ನೀಲಿ, ಕೆಂಪು, ಬಿಳಿ, ಕೆಂಪು ಹೀಗೆ ಐದು ಸಾಲಾಗಿರುತ್ತವೆ. ಹಳದಿ ಎಲ್ಲಿ ಹಾಕುವುದು? ಹಸಿರು ಸಾಕೆಟ್ಟನ್ನು ಹತ್ತಿರದಿಂದ ನೋಡಿ. ಅದರ ಪಕ್ಕ 'ವೈ' ಅಕ್ಷರದ ಜೊತೆಗೆ 'ವಿಡಿಯೊ' ಅಥವಾ 'ಎವಿ' ಎಂದೂ ಬರೆದಿರುತ್ತದೆ, ಕೆಲವಕ್ಕೆ ಹಸಿರಿನ ಸುತ್ತ ಅರ್ಧ ಹಳದಿ ಬಳೆಯೂ ಇರುತ್ತದೆ. ಹಳದಿ ತುದಿಯನ್ನು ಆ ಹಸಿರಿಗೇ ಹಾಕಬೇಕು. ಬಿಳಿ–ಕೆಂಪು ಧ್ವನಿಯ ಜಾಗಕ್ಕೆ. ಆಗ ಚಿತ್ರ ಬರುತ್ತದೆ, ಆದರೆ ಕಪ್ಪು ಬಿಳುಪು ಬಂದರೆ ಪ್ಲೇಯರ್ ಹಾಳಾಗಿದೆ ಎಂದುಕೊಳ್ಳಬೇಡಿ. ಟಿವಿ ಸೋರ್ಸಿನಲ್ಲಿ ಕಾಂಪೊನೆಂಟ್ ಆರಿಸಿದ್ದೀರಿ, ಅದು ಹಸಿರು ತಂತಿಯಿಂದ ಬರೀ ಬೆಳಕನ್ನಷ್ಟೇ ಓದುತ್ತಿದೆ. ಸೋರ್ಸನ್ನು ಎವಿಗೆ ಬದಲಿಸಿ, ಬಣ್ಣ ಬರುತ್ತದೆ.

ಇನ್ನು ಕೆಲವು ಟಿವಿಗಳಲ್ಲಿ ದುಂಡು ಸಾಕೆಟ್‌ಗಳೇ ಇಲ್ಲ, ಇಯರ್‌ಫೋನ್ ಗಾತ್ರದ ಒಂದು ತೂತಿನ ಮೇಲೆ 'ಎವಿ ಇನ್' ಎಂದಿರುತ್ತದೆ. ಅದಕ್ಕೆ 3.5 ಮಿಲಿಮೀಟರಿನ ನಾಲ್ಕು ಭಾಗದ ಪಿನ್ ಬೇಕು. ಪಿನ್ ಮೇಲೆ ಮೂರು ಕಪ್ಪು ಗೆರೆ ಇದೆಯಾ ಎಣಿಸಿ. ಎರಡೇ ಗೆರೆ ಇದ್ದರೆ ಅದು ಬರೀ ಧ್ವನಿಯ ಕೇಬಲ್. ಇದರಲ್ಲಿ ಇನ್ನೊಂದು ತಲೆನೋವು ಇದೆ. ಆ ನಾಲ್ಕು ಭಾಗಗಳಲ್ಲಿ ಯಾವುದು ಚಿತ್ರಕ್ಕೆ, ಯಾವುದು ಅರ್ತಿಂಗಿಗೆ ಎನ್ನುವುದನ್ನು ಎಲ್ಲ ಕಂಪನಿಗಳೂ ಒಂದೇ ರೀತಿ ಇಟ್ಟಿಲ್ಲ. ಅಂಗಡಿಯ ಕೇಬಲ್ ಹಾಕಿದಾಗ ಚಿತ್ರ ಇಲ್ಲದೆ ಸ್ಪೀಕರಿನಲ್ಲಿ ಗುಂಯ್ ಅಂತ ಶಬ್ದ ಬಂದರೆ, ಹಳದಿ–ಬಿಳಿ–ಕೆಂಪು ತುದಿಗಳನ್ನು ಅದಲು ಬದಲು ಮಾಡಿ ನೋಡಿ. ಚಿತ್ರ ಕೆಂಪು ತುದಿಯಲ್ಲಿ ಬರುತ್ತಿದ್ದರೂ ಆಶ್ಚರ್ಯ ಇಲ್ಲ. ಇದರಿಂದ ಏನೂ ಸುಡುವುದಿಲ್ಲ. ಬದಲಿಸಿದರೂ ಬರಲಿಲ್ಲ ಅಂದರೆ ಅರ್ತಿಂಗಿನ ಜಾಗವೇ ಬೇರೆ ಇದೆ, ಬೇರೆ ಕೇಬಲ್ ಬೇಕು. ಟಿವಿ ಕೊಂಡಾಗ ಡಬ್ಬದಲ್ಲಿ ಗೇಣುದ್ದದ ಒಂದು ತುಂಡು ಕೇಬಲ್ ಬಂದಿತ್ತಲ್ವಾ? ಅದು ಸಿಕ್ಕಿದರೆ ನಿಮ್ಮ ಪುಣ್ಯ.

ಈಗ ಲ್ಯಾಪ್‌ಟಾಪ್. ಇದಕ್ಕೆ ಮೂರು ದಾರಿ ಇವೆ, ನನ್ನ ಸಲಹೆ ಮೊದಲನೆಯದೇ. ಎಚ್‌ಡಿಎಂಐ ಸ್ವಿಚ್ ತಗೊಳ್ಳಿ. ಮೂರು ಒಳಗೆ, ಒಂದು ಹೊರಗೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಹೊರಗೆ ಬರುವ ಒಂದು ಕೇಬಲ್ ನಿಮ್ಮ ಬದುಕಿರುವ ಪೋರ್ಟಿಗೆ. ಡಿಶ್ ಬಾಕ್ಸ್, ಲ್ಯಾಪ್‌ಟಾಪ್, ನಾಳೆ ಇನ್ನೊಂದು, ಇವೆಲ್ಲ ಡಬ್ಬಿಗೆ. ಮೇಲಿನ ಬಟನ್ ಒತ್ತಿದರೆ ಒಂದಾದ ಮೇಲೆ ಒಂದು ಬರುತ್ತದೆ. ಅಂಗಡಿಯಲ್ಲಿ ಕೇಳುವಾಗ ಸ್ವಿಚ್ ಎಂದೇ ಕೇಳಿ, ಸ್ಪ್ಲಿಟರ್ ಎನ್ನಬೇಡಿ. ಸ್ಪ್ಲಿಟರ್ ತದ್ವಿರುದ್ಧದ ಸಾಮಾನು, ಒಂದು ಬಾಕ್ಸಿನ ಚಿತ್ರವನ್ನು ಎರಡು ಟಿವಿಗೆ ಹಂಚುತ್ತದೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ಗಡಿಬಿಡಿಯಲ್ಲಿ ಒಂದು ಕೇಳಿದರೆ ಇನ್ನೊಂದು ಕೊಡುವುದಿದೆ. ಡಬ್ಬಿಯ ಮೇಲೆ 'ಇನ್' ಎಷ್ಟು, 'ಔಟ್' ಎಷ್ಟು ಎಂದು ನೀವೇ ಎಣಿಸಿ.

ಸ್ವಿಚ್ ಆರಿಸುವಾಗ ಎರಡು ಮಾತು ನೆನಪಿರಲಿ. ಪಕ್ಕದಲ್ಲಿ 5 ವೋಲ್ಟಿನ ಪವರ್ ಹಾಕುವ ಒಂದು ಚಿಕ್ಕ ಸಾಕೆಟ್ ಇರುವುದನ್ನೇ ತಗೊಳ್ಳಿ. ಪವರ್ ಇಲ್ಲದ ಸ್ವಿಚ್ಚುಗಳು ಬಾಕ್ಸಿನಿಂದ ಎಚ್‌ಡಿಎಂಐ ತಂತಿಯಲ್ಲೇ ಬರುವ ಚೂರುಪಾರು ಕರೆಂಟಿನಲ್ಲಿ ಓಡುತ್ತವೆ. ಕೇಬಲ್ ಉದ್ದವಾದರೆ ಚಿತ್ರ ಹೋಗಿ ಬಂದು ಮಾಡುತ್ತದೆ. ಎರಡನೆಯದು, 'ಆಟೊ' ಅಂತ ಬರೆದಿರುವುದನ್ನು ಪೂರ್ತಿ ನಂಬಬೇಡಿ. ಹೊಸದಾಗಿ ಆನ್ ಆದ ಸಾಮಾನಿಗೆ ಅದು ತಾನೇ ಹಾರುತ್ತದೆ, ನಿಜ. ಆದರೆ ಡಿಶ್ ಬಾಕ್ಸ್ ಸ್ಟ್ಯಾಂಡ್‌ಬೈನಲ್ಲಿದ್ದರೂ ತಂತಿಯಲ್ಲಿ ವೋಲ್ಟೇಜ್ ಬಿಟ್ಟಿರುತ್ತದೆ. ಸ್ವಿಚ್ಚಿಗೆ ಅದು ಆನ್ ಇದ್ದಂತೆಯೇ ಲೆಕ್ಕ. ಆಗ ಎದ್ದು ಹೋಗಿ ಬಟನ್ ಒತ್ತಬೇಕು. ರಿಮೋಟ್ ಇರುವುದು ಸಿಕ್ಕಿದರೆ ಹಿರಿಯರಿರುವ ಮನೆಗೆ ಅನುಕೂಲ.

ಎರಡನೆಯ ದಾರಿಗೆ ಒಂದು ಪೈಸೆ ಖರ್ಚಿಲ್ಲ. ಡಿಶ್ ಬಾಕ್ಸಿನ ಹಿಂದೆಯೂ ಎವಿ ಔಟ್ ಇರುತ್ತದೆ. ಬಾಕ್ಸನ್ನು ಎವಿಗೆ ತಳ್ಳಿ, ಎಚ್‌ಡಿಎಂಐಯನ್ನು ಲ್ಯಾಪ್‌ಟಾಪಿಗೆ ಬಿಟ್ಟುಕೊಡಿ. ಎಚ್‌ಡಿ ಚಾನೆಲ್ ಇಲ್ಲದ ಪ್ಯಾಕ್ ಹಾಕಿಸಿದ್ದರೆ ವ್ಯತ್ಯಾಸ ಅಷ್ಟೇನೂ ಗೊತ್ತಾಗುವುದಿಲ್ಲ. ಎಚ್‌ಡಿ ಪ್ಯಾಕ್ ಇದ್ದರೆ ಮಾತ್ರ ನಷ್ಟ, ಯಾಕೆಂದರೆ ಎವಿಯಲ್ಲಿ 576 ಗೆರೆಗಿಂತ ಹೆಚ್ಚು ಹೋಗುವುದಿಲ್ಲ. ಸುದ್ದಿ ಚಾನೆಲ್ಲಿನ ಕೆಳಗೆ ಓಡುವ ಅಕ್ಷರ ಮಸುಕಾಗುತ್ತದೆ. ನಿಮ್ಮ ಎವಿ ಒಂದೇ ಇದ್ದು ಅದನ್ನು ಡಿವಿಡಿಗೆ ಕೊಟ್ಟಿದ್ದರೆ ಈ ದಾರಿ ಮುಚ್ಚಿತು.

ಮೂರನೆಯದು ವಿಜಿಎ. ಲ್ಯಾಪ್‌ಟಾಪಿನ ಎಚ್‌ಡಿಎಂಐಗೆ ಎಚ್‌ಡಿಎಂಐ–ವಿಜಿಎ ಅಡಾಪ್ಟರ್, ಅಲ್ಲಿಂದ ವಿಜಿಎ ಕೇಬಲ್ಲಿನಲ್ಲಿ ಟಿವಿಗೆ. ಪಾಠ, ಪಿಡಿಎಫ್, ಆನ್‌ಲೈನ್ ಕ್ಲಾಸು ಇದರಲ್ಲಿ ಚೆನ್ನಾಗಿ ಬರುತ್ತವೆ. ವಿಜಿಎಯಲ್ಲಿ ಧ್ವನಿ ಮಾತ್ರ ಹೋಗುವುದಿಲ್ಲ. ಅದಕ್ಕೆ ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿನಿಂದ ಟಿವಿಯ 'ಪಿಸಿ ಆಡಿಯೊ ಇನ್'ಗೆ, ಅಥವಾ ನೇರವಾಗಿ ಹೋಮ್ ಥಿಯೇಟರಿಗೆ ಇನ್ನೊಂದು ಕೇಬಲ್ ಎಳೆಯಬೇಕು. ಮತ್ತೆ, ದುಡ್ಡು ಕೊಟ್ಟು ನೋಡುವ ಸಿನಿಮಾ ಆ್ಯಪ್‌ಗಳು ವಿಜಿಎ ಕಂಡರೆ ತಕರಾರು ತೆಗೆಯಬಹುದು. ಎಚ್‌ಡಿಎಂಐಯಲ್ಲಿ ಎಚ್‌ಡಿಸಿಪಿ ಎಂಬ ಕಾವಲು ಇದೆ, ಚಿತ್ರ ಕದ್ದು ನಕಲು ಮಾಡದಂತೆ. ಹಳೆಯ ಅನಲಾಗ್ ತಂತಿಗಳಲ್ಲಿ ಆ ಕಾವಲಿಲ್ಲ, ಹಾಗಾಗಿ ಪರದೆ ಕಪ್ಪಾಗುತ್ತದೆ ಅಥವಾ ಚಿತ್ರ ಕಡಿಮೆ ಗುಣಮಟ್ಟಕ್ಕೆ ಇಳಿಯುತ್ತದೆ.

ಯಾವ ದಾರಿಯಲ್ಲಿ ಹಾಕಿದರೂ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬಟನ್ ಹಿಡಿದು 'ಪಿ' ಒತ್ತಿ 'ಡೂಪ್ಲಿಕೇಟ್' ಆರಿಸಿ. ಎಚ್‌ಡಿಎಂಐಯಲ್ಲಿ ಹಾಕಿದಾಗ ಚಿತ್ರ ಟಿವಿಯಲ್ಲಿ, ಧ್ವನಿ ಲ್ಯಾಪ್‌ಟಾಪಿನಲ್ಲೇ ಉಳಿದರೆ ಕೆಳಗಿನ ಸ್ಪೀಕರ್ ಗುರುತನ್ನು ಒತ್ತಿ ಟಿವಿಯ ಹೆಸರು ಆರಿಸಬೇಕು. ಪರದೆಯ ಅಂಚು ಕತ್ತರಿಸಿದಂತೆ ಕಂಡು ಕೆಳಗಿನ ಪಟ್ಟಿ ಅರ್ಧ ಮಾಯವಾಗಿದ್ದರೆ, ಟಿವಿಯ ಪಿಕ್ಚರ್ ಸೈಜಿನಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್' ಅಥವಾ 'ಡಾಟ್ ಬೈ ಡಾಟ್' ಅಂತ ಏನಾದರೂ ಇರುತ್ತದೆ, ಅದನ್ನು ಹಾಕಿ. ಅಕ್ಷರ ಸ್ವಲ್ಪ ಮಂದ ಅನ್ನಿಸಿದರೆ ಅದು ಕೇಬಲ್ ದೋಷವಲ್ಲ. 'ಎಚ್‌ಡಿ ರೆಡಿ' ಎಂದು ಮಾರುವ 32 ಇಂಚಿನ ಟಿವಿಗಳ ಪರದೆಯಲ್ಲಿ ಸಾಮಾನ್ಯವಾಗಿ ಇರುವುದೇ 1366 ಅಡ್ಡ, 768 ಉದ್ದದ ಚುಕ್ಕಿಗಳು.

ಮೊಬೈಲಿನ ವಿಷಯದಲ್ಲಿ ಜನ ಜಾಸ್ತಿ ದುಡ್ಡು ಕಳೆಯುತ್ತಾರೆ. ಟೈಪ್–ಸಿ ಯಿಂದ ಎಚ್‌ಡಿಎಂಐ ಕೇಬಲ್ ತಗೊಂಡು ಬಂದು, ಏನೂ ಬರದೆ ಬೇಸರ ಪಟ್ಟುಕೊಳ್ಳುತ್ತಾರೆ. ಮತ್ತೆ ಅದೇ ಕಥೆ, ತುದಿ ಕೂರುತ್ತದೆ, ಸಿಗ್ನಲ್ ಇಲ್ಲ. ಟೈಪ್–ಸಿ ತೂತಿನಿಂದ ಚಿತ್ರ ಹೊರಗೆ ಬರಬೇಕಾದರೆ ಫೋನಿನೊಳಗೆ ಡಿಸ್‌ಪ್ಲೇಪೋರ್ಟ್ ಔಟ್‌ಪುಟ್ ಎಂಬ ಸೌಲಭ್ಯ ಇರಬೇಕು. ಸ್ಯಾಮ್‌ಸಂಗ್‌ನ ಎಸ್ ಸರಣಿಯ ದುಬಾರಿ ಫೋನುಗಳಲ್ಲಿ ಇದೆ, ಐಫೋನ್ 15 ಮತ್ತು ನಂತರದ ಮುಖ್ಯ ಮಾದರಿಗಳಲ್ಲಿ ಇದೆ. ಹತ್ತು ಹದಿನೈದು ಸಾವಿರದ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವುಗಳ ಟೈಪ್–ಸಿ ಚಾರ್ಜಿಗೆ, ಫೈಲ್ ಕಳಿಸುವುದಕ್ಕೆ, ಅಷ್ಟೇ. ಯಾವ ಕೇಬಲ್ ಹಾಕಿದರೂ, ಯಾವ ಆ್ಯಪ್ ಇಳಿಸಿದರೂ ಬರುವುದಿಲ್ಲ. ಸ್ನೇಹಿತರೊಬ್ಬರ ಕೇಬಲ್ ತಂದು ಒಮ್ಮೆ ಹಾಕಿ ನೋಡಿ, ಆಮೇಲೆ ಕೊಳ್ಳಿ.

ನಿಮ್ಮ ಟಿವಿ ಸ್ಮಾರ್ಟ್ ಅಲ್ಲದ್ದರಿಂದ ತಂತಿ ಇಲ್ಲದೆ ಫೋನ್ ತೋರಿಸುವುದು ಅದಕ್ಕೆ ತಾನಾಗಿ ಬರುವುದಿಲ್ಲ. ಒಂದು ಸ್ಟ್ರೀಮಿಂಗ್ ಸ್ಟಿಕ್ (ಎಚ್‌ಡಿಎಂಐಗೆ ಸಿಕ್ಕಿಸಿ ಇಂಟರ್‌ನೆಟ್ ವಿಡಿಯೊ ನೋಡುವ ಪುಟ್ಟ ಸಾಮಾನು) ಹಾಕಿಬಿಡಿ, ಸ್ವಿಚ್ಚಿನ ಮೂರನೆಯ ತೂತು ಅದಕ್ಕೇ ಇರಲಿ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು ಕಾಸ್ಟ್ ಮಾಡುವುದು. ಫೋನಿನಲ್ಲಿ ವಿಡಿಯೊ ಆರಿಸಿ ಕಾಸ್ಟ್ ಗುರುತು ಒತ್ತಿದರೆ, ಸ್ಟಿಕ್ ತಾನೇ ಇಂಟರ್‌ನೆಟ್ಟಿನಿಂದ ಅದನ್ನು ಎಳೆದುಕೊಳ್ಳುತ್ತದೆ. ಫೋನ್ ಬರೀ ರಿಮೋಟ್ ಆಗಿರುತ್ತದೆ, ಅದರಲ್ಲಿ ಕರೆ ಬಂದರೂ ವಿಡಿಯೊ ನಿಲ್ಲುವುದಿಲ್ಲ. ಇನ್ನೊಂದು ಮಿರರಿಂಗ್. ಫೋನಿನ ಪರದೆಯೇ ಹಾಗೆ ಹಾಗೇ ಟಿವಿಯಲ್ಲಿ ಕಾಣುತ್ತದೆ. 2012ರಲ್ಲಿ ಬಂದ ಮಿರಾಕಾಸ್ಟ್ ಎನ್ನುವುದು ಈ ಕೆಲಸಕ್ಕೆ. ಫೋನಿಗೂ ಸ್ಟಿಕ್ಕಿಗೂ ನೇರ ವೈಫೈ ಕೊಂಡಿ ಬೀಳುವುದರಿಂದ ಇಂಟರ್‌ನೆಟ್ಟೇ ಬೇಡ. ನಿಮ್ಮ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಅಂತ ನೀವೇ ಬಲ್ಲಿರಿ, ಮದುವೆ ಫೋಟೊ ತೋರಿಸುವುದಕ್ಕೆ ಇದೇ ಮೇಲು. ಎಲ್ಲ ಫೋನಿನಲ್ಲೂ ಮಿರಾಕಾಸ್ಟ್ ಇಲ್ಲ. ಗೂಗಲ್ ತನ್ನದೇ ಫೋನುಗಳಿಂದ ಅದನ್ನು ತೆಗೆದಿದೆ, ಸ್ಯಾಮ್‌ಸಂಗ್ 'ಸ್ಮಾರ್ಟ್ ವ್ಯೂ' ಹೆಸರಿನಲ್ಲಿ ಇಟ್ಟುಕೊಂಡಿದೆ. ಐಫೋನಿನದು ಏರ್‌ಪ್ಲೇ, ಬೇರೆ ಜಾತಿ. ಕೊಳ್ಳುವ ಸ್ಟಿಕ್ ನಿಮ್ಮ ಫೋನಿಗೆ ಯಾವುದು ಬೇಕೋ ಅದನ್ನು ಮಾಡುತ್ತದಾ ಎಂದು ಪೆಟ್ಟಿಗೆಯ ಮೇಲೆ ಓದಿ. ಮಗಳ ಲ್ಯಾಪ್‌ಟಾಪಿಗೂ ಮಿರಾಕಾಸ್ಟ್ ಬರುತ್ತದೆ. ವಿಂಡೋಸ್ ಬಟನ್ ಹಿಡಿದು 'ಕೆ' ಒತ್ತಿದರೆ ಹುಡುಕುತ್ತದೆ. ಆಗ ಅದಕ್ಕೂ ತಂತಿ ಬೇಡ.

ಸ್ಟಿಕ್ಕಿಗೆ ಕರೆಂಟು ಮಾತ್ರ ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ. ಆ ಪೋರ್ಟಿನಿಂದ ಸಾಮಾನ್ಯವಾಗಿ ಅರ್ಧ ಆಂಪಿಯರ್ ಬರುತ್ತದೆ, ಸ್ಟಿಕ್ಕಿಗೆ ಅದು ಸಾಲುವುದಿಲ್ಲ. ಮಧ್ಯದಲ್ಲೇ ರೀಸ್ಟಾರ್ಟ್ ಆಗುತ್ತಾ ಇರುತ್ತದೆ. ಜೊತೆಗೆ ಕೊಟ್ಟ ಅಡಾಪ್ಟರನ್ನೇ ಗೋಡೆಗೆ ಹಾಕಿ.

ಫೋನಿನಲ್ಲಿ ತೆಗೆದ ವಿಡಿಯೊ ಮಾತ್ರ ನೋಡಬೇಕು ಅನ್ನುವುದಾದರೆ ಇದೆಲ್ಲ ಬಿಡಿ, ಪೆನ್‌ಡ್ರೈವ್ ಇದೆಯಲ್ಲ. ಫೋನಿಗೆ ನೇರ ಹಾಕುವ ಎರಡು ತುದಿಯ ಪೆನ್‌ಡ್ರೈವಿಗೆ ವಿಡಿಯೊ ತುಂಬಿ ಟಿವಿಯ ಯುಎಸ್‌ಬಿಗೆ ಹಾಕಿ. 'ಫೈಲ್ ನಾಟ್ ಸಪೋರ್ಟೆಡ್' ಎಂದು ಬಂದರೆ ಹೆಚ್ಚಾಗಿ ಕಾರಣ ಒಂದೇ. ಈಗಿನ ಎಷ್ಟೋ ಫೋನುಗಳು ಜಾಗ ಉಳಿಸಲು ಎಚ್.265 ಎಂಬ ಬಗೆಯಲ್ಲಿ ವಿಡಿಯೊ ತೆಗೆಯುತ್ತವೆ. ಆ ವಯಸ್ಸಿನ ಟಿವಿಗಳಲ್ಲಿ ಎಷ್ಟೋ ಎಚ್.264 ತನಕ ಮಾತ್ರ ಓದುತ್ತವೆ. ಕ್ಯಾಮೆರಾ ಸೆಟ್ಟಿಂಗ್ಸಿನಲ್ಲಿ 'ಹೈ ಎಫಿಶಿಯೆನ್ಸಿ' ಅನ್ನುವುದನ್ನು ಆಫ್ ಮಾಡಿದರೆ ಮುಂದೆ ತೆಗೆಯುವ ವಿಡಿಯೊಗಳು ಓಡುತ್ತವೆ. ಮತ್ತೊಂದು, ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದಕ್ಕೆ ಕಾಪಿಯೇ ಆಗುವುದಿಲ್ಲ. ಇಡೀ ರಾತ್ರಿಯ ಆಟದ ರೆಕಾರ್ಡಿಂಗ್ ಹಾಕಲು ಹೋದವರಿಗೆ ಇದು ಗೊತ್ತಿರುತ್ತದೆ.

ಕನ್ವರ್ಟರ್ ಬಗ್ಗೆ ಸ್ವಲ್ಪ ಹೇಳಬೇಕು. ಅಂಗಡಿಯವರು ಮುಂದೆ ಅದನ್ನೂ ಕೊಡಬಹುದು. ಎಚ್‌ಡಿಎಂಐಯಿಂದ ಎವಿ, ಎವಿಯಿಂದ ಎಚ್‌ಡಿಎಂಐ, ಇವೆರಡೂ ಬೇರೆ ಬೇರೆ ಡಬ್ಬಿಗಳು, ಒನ್ ವೇ ರಸ್ತೆಯ ಹಾಗೆ. ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ. ನಿಮಗೆ ಬೇಕಾದರೆ ಬೇಕಾಗುವುದು ಮೊದಲನೆಯದು. ಸ್ವಿಚ್ ಬೇಡ, ಸ್ಟಿಕ್ಕನ್ನು ಎವಿಯಲ್ಲಿ ನೋಡುತ್ತೇನೆ ಎಂದಾದರೆ ಮಾತ್ರ. ಆ ಡಬ್ಬಿಯ ಪಕ್ಕದಲ್ಲಿ ಉಗುರಿನಲ್ಲಿ ಸರಿಸುವಂಥ ಒಂದು ಪುಟ್ಟ ಸ್ವಿಚ್ ಇರುತ್ತದೆ, ಒಂದು ಕಡೆ ಪಾಲ್, ಇನ್ನೊಂದು ಕಡೆ ಅಮೆರಿಕದ ಕಡೆಯ ಪದ್ಧತಿಯಾದ ಎನ್‌ಟಿಎಸ್‌ಸಿ. ಪಾಲ್ ಕಡೆ ಇರಲಿ, ನಮ್ಮ ದೇಶದ್ದು ಅದೇ. ಚಿತ್ರ ಉರುಳುತ್ತಿದ್ದರೆ ಅಥವಾ ಬಣ್ಣ ಇಲ್ಲದಿದ್ದರೆ ಮೊದಲು ನೋಡಬೇಕಾದದ್ದು ಅದನ್ನೇ. ಅಜ್ಜನ ಮನೆಯ ಪಿಕ್ಚರ್ ಟ್ಯೂಬ್ ಟಿವಿಗೆ ಸ್ಟಿಕ್ ಹಾಕಬೇಕು ಅಂತ ಕೇಳುವವರಿಗೂ ಇದೇ ಡಬ್ಬಿ. ಸಿನಿಮಾ ನೋಡಬಹುದು, ಮೆನುವಿನ ಅಕ್ಷರ ಓದಲು ಕಣ್ಣು ಕಿರಿದು ಮಾಡಬೇಕು. ಅಗ್ಗದ ಡಬ್ಬಿಗಳಲ್ಲಿ ಕೆಲವು ಆ್ಯಪ್‌ಗಳು ಮೇಲೆ ಹೇಳಿದ ಕಾವಲಿನ ಕಾರಣಕ್ಕೆ ಓಡುವುದಿಲ್ಲ. ನಿಮ್ಮಂಥ ಟಿವಿಗೆ ನಾನಂತೂ ಇದನ್ನು ಹೇಳುವುದಿಲ್ಲ.

ಇನ್ನು ಹೋಮ್ ಥಿಯೇಟರ್. ಎಲ್ಲ ಸಾಮಾನಿನ ಧ್ವನಿಯೂ ಹೇಗೂ ಟಿವಿಗೆ ಬರುತ್ತದೆ. ಅಲ್ಲಿಂದ ಒಂದೇ ತಂತಿ ಹೋಮ್ ಥಿಯೇಟರಿಗೆ ಎಳೆದರೆ ಮುಗಿಯಿತು, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಜೋಡಿಸುವ ಗೋಜು ಬೇಡ. ಟಿವಿಯ ಇಯರ್‌ಫೋನ್ ತೂತಿನಿಂದ ಬಿಳಿ–ಕೆಂಪಿನ ಕೇಬಲ್ ಹೋಮ್ ಥಿಯೇಟರಿನ 'ಆಕ್ಸ್ ಇನ್'ಗೆ ಹಾಕುವುದು ಅತಿ ಸುಲಭ. ಟಿವಿಯ ವಾಲ್ಯೂಮ್ ಅರ್ಧಕ್ಕಿಂತ ಮೇಲಿಟ್ಟು ಉಳಿದದ್ದನ್ನು ಹೋಮ್ ಥಿಯೇಟರಿನಲ್ಲಿ ಏರಿಸಿ, ಗುಯ್‌ಗುಟ್ಟುವುದು ಕಡಿಮೆಯಾಗುತ್ತದೆ. ಆಪ್ಟಿಕಲ್ ಇದ್ದರೆ ಇನ್ನೂ ಶುದ್ಧ ಧ್ವನಿ. ಹೋಮ್ ಥಿಯೇಟರಿನಲ್ಲಿ ಆಪ್ಟಿಕಲ್ ಇಲ್ಲದಿದ್ದರೆ ಆಪ್ಟಿಕಲ್ಲಿನಿಂದ ಬಿಳಿ–ಕೆಂಪಿಗೆ ಬದಲಿಸುವ ಚಿಕ್ಕ ಡಬ್ಬಿ ಸಿಗುತ್ತದೆ. ಅದನ್ನು ತಂದು ಹಾಕಿ ಧ್ವನಿಯೇ ಬರಲಿಲ್ಲ ಅಂತ ತುಂಬಾ ಜನ ವಾಪಸ್ ಮಾಡುತ್ತಾರೆ. ಟಿವಿಯ ಸೌಂಡ್ ಸೆಟ್ಟಿಂಗ್ಸಿನಲ್ಲಿ ಡಿಜಿಟಲ್ ಔಟ್ ಅನ್ನುವುದು 'ಆಟೊ' ಅಥವಾ 'ಡಾಲ್ಬಿ'ಯಲ್ಲಿ ಇರುತ್ತದೆ, ಆ ಡಬ್ಬಿಗೆ ಅರ್ಥವಾಗುವುದು ಪಿಸಿಎಂ ಎಂಬ ಸಾದಾ ಡಿಜಿಟಲ್ ಧ್ವನಿ ಮಾತ್ರ. ಪಿಸಿಎಂ ಎಂದು ಬದಲಿಸಿದ ಕೂಡಲೇ ಹಾಡು ಶುರು. ಬ್ಲೂಟೂತ್ ಸೇರಿಸುವ ಡಬ್ಬಿಗಳೂ ಇವೆ, ಆದರೆ ಅಗ್ಗದವುಗಳಲ್ಲಿ ತುಟಿ ಮೊದಲು ಅಲ್ಲಾಡಿ ಮಾತು ಆಮೇಲೆ ಬರುತ್ತದೆ. ಚೆಂಡೆ ಪೆಟ್ಟು ಬಿದ್ದ ಮೇಲೆ ಶಬ್ದ ಕೇಳಿಸಿದರೆ ಯಕ್ಷಗಾನ ನೋಡುವವರಿಗೆ ಸಹಿಸಲಾದೀತೆ?

ಸತ್ತ ಪೋರ್ಟ್ ರಿಪೇರಿ ಆಗುತ್ತದಾ? ಎರಡು ಸಾಧ್ಯತೆ. ಬರೀ ಸಾಕೆಟ್ ಅಥವಾ ಅದರ ಪಕ್ಕದ ರಕ್ಷಣೆಯ ಸಣ್ಣ ಬಿಡಿಭಾಗಗಳು ಹೋಗಿದ್ದರೆ ಕೈಪಳಗಿದ ಮೆಕ್ಯಾನಿಕ್ ಬದಲಿಸಿ ಬೆಸುಗೆ ಹಾಕುತ್ತಾರೆ, ಖರ್ಚು ಕಡಿಮೆ. ಸಿಡಿಲು ಮುಖ್ಯ ಚಿಪ್‌ವರೆಗೂ ಹೋಗಿದ್ದರೆ ಬೋರ್ಡೇ ಬದಲಾಗಬೇಕು. ಹೆಚ್ಚಿನ ಟಿವಿಗಳಲ್ಲಿ ಎಚ್‌ಡಿಎಂಐ ನೋಡಿಕೊಳ್ಳುವುದು ಅದೇ ಮುಖ್ಯ ಚಿಪ್. ಕಂಪನಿಯ ಬೋರ್ಡ್ ಸಿಗದಿದ್ದರೆ 'ಯೂನಿವರ್ಸಲ್ ಬೋರ್ಡ್ ಹಾಕಿಕೊಡ್ತೀನಿ' ಎನ್ನುತ್ತಾರೆ. ಅದು ಓಡುತ್ತದೆ, ಆದರೆ ಹಳೇ ರಿಮೋಟ್ ಹೋಗುತ್ತದೆ, ಬಣ್ಣವೂ ಮೊದಲಿನಂತಿರುವುದಿಲ್ಲ. ಒಂದು ಪೋರ್ಟ್ ಚೆನ್ನಾಗಿರುವಾಗ ಅಷ್ಟು ದೂರ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಇರುವ ಇನ್ನೊಂದೂ ಕೈಕೊಟ್ಟ ದಿನ ಆ ಯೋಚನೆ ಮಾಡಿ.

ಆ ದಿನ ಬೇಗ ಬಾರದಿರಲಿ ಎಂದರೆ ಡಿಶ್ ಕೇಬಲ್ ಕಡೆ ಗಮನ ಕೊಡಿ. ಸ್ಪೈಕ್ ಬಸ್ಟರ್ ಇದೆ, ಪ್ಲಗ್ ಕಿತ್ತಿದ್ದೆ, ಆದರೂ ಎಚ್‌ಡಿಎಂಐ ಹೇಗೆ ಹೋಯಿತು ಅಂತ ಕೇಳುವವರಿದ್ದಾರೆ. ಸ್ಪೈಕ್ ಬಸ್ಟರ್ ಕಾಯುವುದು ಕರೆಂಟಿನ ಬಾಗಿಲು ಮಾತ್ರ. ಮಾಡಿನ ಮೇಲಿರುವ ಛತ್ರಿಯಿಂದ ಬರುವ ತಂತಿ ಹಿಡಿದು ಹೊಡೆತ ನೇರ ಬಾಕ್ಸಿಗೆ ಇಳಿಯುತ್ತದೆ, ಬಾಕ್ಸಿನಿಂದ ಎಚ್‌ಡಿಎಂಐ ಕೇಬಲ್ಲಿನಲ್ಲಿ ಟಿವಿಗೆ. ಹೊಡೆತ ತಿನ್ನುವುದು ಸಾಮಾನ್ಯವಾಗಿ ಬಾಕ್ಸ್ ಹಾಕಿದ ಪೋರ್ಟೇ. ಈಗಿನದಕ್ಕಿಂತ ಮುಂಚೆ ಬಾಕ್ಸ್ ಆ ಸತ್ತ ಪೋರ್ಟಿನಲ್ಲಿತ್ತಾ, ನೆನಪು ಮಾಡಿಕೊಳ್ಳಿ. ಮೋಡ ಕಟ್ಟುವಾಗಲೇ, ಗುಡುಗು ಕೇಳಿಸುವ ಮುಂಚೆಯೇ, ಮೊದಲು ಬಾಕ್ಸಿನ ಪ್ಲಗ್ ಕಿತ್ತು, ಆಮೇಲೆ ಹಿಂದಿನ ತಿರುಗಿಸುವ ಡಿಶ್ ಕೇಬಲ್ ಬಿಚ್ಚಿ ದೂರ ಇಡಿ. ಗುಡುಗು ಕೇಳಿಸಲು ಶುರುವಾದ ಮೇಲೆ ಆ ತಂತಿ ಮುಟ್ಟಬೇಡಿ. ಮಳೆಗಾಲ ಪೂರ್ತಿ ಈ ಬಿಚ್ಚಿ ಹಾಕುವ ಕೆಲಸ ಬೇಸರ ಅನ್ನಿಸಿದರೆ, ಸ್ವಿಚ್ಚಿಗೂ ಟಿವಿಗೂ ಮಧ್ಯೆ ಇರುವ ಒಂದು ಎಚ್‌ಡಿಎಂಐ ಕೇಬಲ್ಲನ್ನಾದರೂ ರಾತ್ರಿ ತೆಗೆದಿಡಿ. ಸ್ವಿಚ್ ಹೋದರೆ ಇನ್ನೊಂದು ತರಬಹುದು.